ನೂರಾ ಹದಿನೆಂಟು ತಲೆಬರಹ

ಕೈಪಿಡಿ ಬರೆಯುವ ಕೆಲಸದಲ್ಲಿ ಅವಳ ಆರು ತಿಂಗಳ ಪ್ರೊಬೇಷನ್ ಮುಗಿಯುವ ದಿನವೇ ಗಿರಾಕಿ ಗ್ರಂಥಪಾಲಕಿಯ ಮೇಲ್ ಬರಬೇಕೆ? ‘ನಿಮ್ಮ ಕೈಪಿಡಿಯ ತಲೆಬರಹಗಳು ಒಂದೊಂದು ಒಂದೊಂದು ಥರ. ಓದಿದರೆ ತಲೆನೋವು.’

ದೂರು ಸುಳ್ಳಲ್ಲ. ಗ್ರಂಥಾಲಯದ ಸಾಫ್ಟ್‌ವೇರ್ ಬಳಸುವುದನ್ನು ತಿಳಿಸುವ ಆ ಕೈಪಿಡಿಯನ್ನು ಅವಳಿಗಿಂತ ಮೊದಲು ಮೂವರು ಬರೆದು, ಕೆಲಸ ಬಿಟ್ಟು ಹೋಗಿದ್ದರು. ಒಬ್ಬರದು ‘ಸದಸ್ಯರನ್ನು ಸೇರಿಸಿ’ ಎಂಬ ಅಪ್ಪಣೆ. ಇನ್ನೊಬ್ಬರದು ‘ಪುಸ್ತಕ ಹಿಂಪಡೆಯುವುದು ಹೇಗೆ?’ ಎಂಬ ಪ್ರಶ್ನೆ. ಮತ್ತೊಬ್ಬರದು ‘ಕಳೆದ ಪುಸ್ತಕದ ನೋಂದಣಿ’, ಬಾಗಿಲಿಗೆ ಬೋರ್ಡು ಹೊಡೆದ ಹಾಗೆ. ಒಟ್ಟು ನೂರಾ ಹದಿನೆಂಟು. ಒಂದೇ ಅಂಗಿಗೆ ಮೂರು ಬಣ್ಣದ ಗುಂಡಿ.

“ಐದು ಗಂಟೆಯೊಳಗೆ ಎಲ್ಲಾ ಒಂದೇ ಥರ ಮಾಡಮ್ಮ,” ಎಂದರು ಮ್ಯಾನೇಜರ್, ಅವಳ ಕೆಲಸ ಖಾಯಂ ಮಾಡುವ ಪತ್ರವನ್ನು ಬೆರಳಿಂದ ತಟ್ಟುತ್ತಾ. “ಅದು ಗಿರಾಕಿಗೆ ಹೋಯ್ತು ಅಂದ್ರೆ ಇದಕ್ಕೆ ಸಹಿ.”

“ಆಗ್ಲಿ ಸರ್.”

ಆರು ತಿಂಗಳಲ್ಲಿ ಆಫೀಸು ಅವಳ ಬಾಯಿಂದ ಕೇಳಿದ್ದು ಹೆಚ್ಚುಕಮ್ಮಿ ಇಷ್ಟೇ.

ಹನ್ನೊಂದರ ಹೊತ್ತಿಗೆ ಎಲ್ಲವೂ ಅಪ್ಪಣೆಗಳಾದವು. ಸಾಫ್ಟ್‌ವೇರ್ ಪರೀಕ್ಷಿಸುವ ಟೆಸ್ಟಿಂಗ್ ಅಕ್ಕ ಕಾಫಿ ಲೋಟದೊಂದಿಗೆ ಬಂದು ಬಗ್ಗಿ ನೋಡಿದಳು.

“ಅಯ್ಯೋ, ಮನೇಲಿ ಅತ್ತೆ, ಇಲ್ಲಿ ಮ್ಯಾನೇಜರ್, ಇನ್ನು ಈ ಕೈಪಿಡೀನೂ ಸೇರಿಸಿ, ಒತ್ತಿ, ಅಳಿಸಿ ಅಂತ ಗದರಿದ್ರೆ ನಾವೆಲ್ಲಿಗೆ ಹೋಗೋಣ? ಪ್ರಶ್ನೆ ಹಾಕು ಕಣೆ, ಓದೋರಿಗೆ ಹಿತ.”

“ಆಗ್ಲಿ ಅಕ್ಕಾ.”

ಪಕ್ಕದ ಮೇಜಿನ ಪ್ರೋಗ್ರಾಮರ್, ಆಫೀಸಿಗೆಲ್ಲ ‘ಮೌನಿ’, ಅವಳ ಪರದೆಯತ್ತ ನೋಡಿ ಬಾಯಿ ತೆರೆದ. ಹಾಗೆಯೇ ಮುಚ್ಚಿದ.

ಎರಡಕ್ಕೆ ಎಲ್ಲವೂ ಪ್ರಶ್ನೆಗಳಾದವು. ಆಗ ಬಂದದ್ದು ಸೇಲ್ಸ್‌ನ ಮಹಾಶಯ.

“ನೂರಾ ಹದಿನೆಂಟು ಪ್ರಶ್ನೇನಾ! ಇವರಿಗೇ ಏನೂ ಗೊತ್ತಿಲ್ಲ ಅಂದ್ಕೊಳ್ಳಲ್ವಾ ಗಿರಾಕಿ? ಗಂಭೀರವಾಗಿರಲಿ ತಂಗಿ. ನೋಂದಣಿ, ಸೇರ್ಪಡೆ, ಹಾಗೆ.”

“ಆಗ್ಲಿ ಅಣ್ಣಾ.”

ಮೌನಿ ಮತ್ತೆ ಬಾಯಿ ತೆರೆದ. ಕೆಮ್ಮಿದ. ನೀರು ಕುಡಿದ.

ಐದಕ್ಕೆ ಕಾಲು ಗಂಟೆ ಇರುವಾಗ ಕೆಲಸ ಮುಗಿಯಿತು. ತಲೆಬರಹಗಳು ಇಸ್ತ್ರಿ ಮಾಡಿಟ್ಟ ಸಮವಸ್ತ್ರದಂತೆ ಮಿಂಚಿದವು. ಮ್ಯಾನೇಜರ್ ಪೆನ್ನಿನ ಮುಚ್ಚಳ ತೆಗೆದರು. ಅಷ್ಟರಲ್ಲಿ ಬಾಗಿಲಲ್ಲಿ ಮೌನಿ.

“ಸರ್... ಸಾಫ್ಟ್‌ವೇರಲ್ಲಿರೋ ಹೆಲ್ಪ್ ಬಟನ್ ಹೆಚ್ಚಿನವು ಕೆಲಸ ಮಾಡ್ತಿಲ್ಲ.”

“ಯಾಕಯ್ಯಾ?”

“ಬಟನ್ ಒತ್ತಿದ್ರೆ ಅದು ಕೈಪಿಡಿಯ ಹಳೇ ತಲೆಬರಹದ ಮಾತುಗಳನ್ನೇ ಹುಡುಕ್ಕೊಂಡು ಹೋಗುತ್ತೆ ಸರ್. ಈಗ ಆ ಮಾತುಗಳೇ ಬದಲಾಗಿವೆ.”

“ಬೆಳಿಗ್ಗೆಯೇ ಹೇಳೋಕೇನಾಗಿತ್ತು?”

“ಹೇಳೋಣ ಅಂತಿದ್ದೆ ಸರ್. ಅವರು ಕೆಲಸದಲ್ಲಿದ್ರು, ಹೇಗೆ ಮಾತಾಡಿಸೋದು ಅಂತ...”

ಅವಳಿಗೆ ಸಿಟ್ಟು ಬರಲಿಲ್ಲ. ಆ ಕಷ್ಟ ಅವಳಿಗೆ ಗೊತ್ತಿತ್ತು.

ಪೆನ್ನಿನ ಮುಚ್ಚಳ ಟಕ್ಕೆಂದು ಮುಚ್ಚಿತು. “ಹಳೇದನ್ನೇ ಕಳಿಸಿಬಿಡಿ. ಪತ್ರದ ವಿಷಯ ಆಮೇಲೆ ನೋಡೋಣ.”

ಹಳೆಯ ಪ್ರತಿ, ಮೂರು ಬಣ್ಣದ ಗುಂಡಿಗಳ ಸಮೇತ, ಸರಿಯಾಗಿ ಐದಕ್ಕೆ ಹೋಯಿತು. ಅವಳು ಚೀಲ ಹೆಗಲಿಗೇರಿಸುವಷ್ಟರಲ್ಲಿ ಮ್ಯಾನೇಜರ್ ಓಡಿಬಂದರು. ಗ್ರಂಥಪಾಲಕಿಯ ಉತ್ತರ: ‘ಈಗ ನೋಡಿ ಎಷ್ಟು ಅಚ್ಚುಕಟ್ಟು! ಒಂದೇ ದಿನದಲ್ಲಿ ಇಷ್ಟು ಬದಲಾವಣೆ! ನಮ್ಮ ಉಳಿದ ಏಳು ಕೈಪಿಡಿಗಳನ್ನೂ ಇದನ್ನು ಮಾಡಿದವರ ಕೈಯಲ್ಲೇ ಹೀಗೇ ಮಾಡಿಸಿ.’

“ನೋಡಿದ್ಯಾ ನಿನ್ನ ಕೈಗುಣ!” ಮ್ಯಾನೇಜರ್ ಮುಖ ಅರಳಿತ್ತು. “ಆ ಏಳೂ ಮುಗೀಲಿ, ಪತ್ರಕ್ಕೆ ಸಹಿ.”

‘ಹೀಗೇ ಅಂದ್ರೆ ಹೇಗೆ ಸರ್?’ ಎಂಬ ಮಾತು ಗಂಟಲ ತನಕ ಬಂತು. ಹೊರಬಿದ್ದದ್ದು, “ಆಗ್ಲಿ ಸರ್.”

ಚೀಲ ಇಳಿಸಿ ಕುಳಿತಳು. ಪಕ್ಕದಲ್ಲಿ ಮೌನಿ ಬಾಯಿ ತೆರೆದದ್ದು ಕಂಡಿತು. ಈ ಸಲ ಅವಳೇ ಧೈರ್ಯ ಮಾಡಿದಳು.

“ಹೇಳಿ, ಪರವಾಗಿಲ್ಲ.”

“ಆ ಏಳಕ್ಕೆ ಹೆಲ್ಪ್ ಬಟನ್ನೇ ಇಲ್ಲ. ತಲೆಬರಹ ಎಷ್ಟು ಸಲ ಬೇಕಾದ್ರೂ ಬದಲಾಯಿಸಬಹುದು.”

ಅವಳು ಸಮಾಧಾನದ ಉಸಿರು ಬಿಡುವ ಮೊದಲೇ ಬೆನ್ನ ಹಿಂದೆ ಎರಡು ಕುರ್ಚಿ ಎಳೆದ ಸದ್ದಾಯಿತು.

“ಹಾಗಾದ್ರೆ ಪ್ರಶ್ನೇನೇ ಹಾಕು ಕಣೆ,” ಎಂದಳು ಟೆಸ್ಟಿಂಗ್ ಅಕ್ಕ, ಸೇಲ್ಸ್‌ನ ಮಹಾಶಯ ಬಾಯಿ ತೆರೆಯುವುದರೊಳಗೆ.