ಆಡು ಕಚ್ಚಿದ ಪೋಸ್ಟರ್

ನಮ್ಮ ಮನೆಯಲ್ಲಿ ಸತ್ಯ ಹೇಳುವ ಇಲಾಖೆ ನನ್ನ ಪಾಲಿಗೆ ಬಂದಿದೆ. ನಾನು ಅರ್ಜಿ ಹಾಕಿದವನಲ್ಲ. ಉಳಿದ ಮೂವರೂ ಅದನ್ನು ಬೇಡವೆಂದಿದ್ದರಿಂದ ಕೊನೆಗೆ ಉಳಿದ ನನಗೆ ಅಂಟಿಕೊಂಡಿತು. ಹದಿನೇಳನೇ ವಯಸ್ಸಿಗೇ ಸಾಕುಸಾಕಾಗಿದೆ.

ನಾನು ಶಾಲೆ ಬಿಟ್ಟವನು. ಬಿಟ್ಟದ್ದು ಕೂಡ ಸತ್ಯದ ಕಾರಣಕ್ಕೇ. ಹಾಜರಿ ಕರೆಯುವಾಗ ಎಲ್ಲರೆದುರು ದನಿ ಎತ್ತಲು ನನಗೆ ಗಂಟಲೇ ಏಳುತ್ತಿರಲಿಲ್ಲ. ಹಾಗಾಗಿ ಒಂದು ವರ್ಷ ಪೂರ್ತಿ ಎರಡನೇ ಬೆಂಚಿನಲ್ಲಿ ಕೂತಿದ್ದೂ ಪುಸ್ತಕದಲ್ಲಿ ಗೈರುಹಾಜರಾಗಿದ್ದೆ. ಕೊನೆಗೆ, ಪುಸ್ತಕದಲ್ಲಿ ಬರೆದದ್ದು ಸುಳ್ಳಾಗಬಾರದೆಂದು ಮನೆಯಲ್ಲೇ ಉಳಿದುಬಿಟ್ಟೆ.

ಮನೆಯಲ್ಲಿ ಉಳಿದವನಿಗೆ ಕೆಲಸ ಬೇಡವೇ? ಸೋದರಮಾವನಿಗೆ ಬಸ್ ನಿಲ್ದಾಣದ ಎದುರು ಚಪ್ಪಲಿ ಅಂಗಡಿಯಿದೆ. "ಬಾಗಿಲಲ್ಲಿ ನಿಂತು 'ಬನ್ನಿ ಬನ್ನಿ, ಒಳಗೆ ಬನ್ನಿ' ಅಂತ ಕೂಗಿದ್ರಾಯ್ತು. ಇದಕ್ಕೇನು ಡಿಗ್ರಿ ಬೇಕಾ?" ಎಂದ ಮಾವ. ಬಸ್ಸಿನಲ್ಲಿ "ನಿಲ್ಲಿಸಿ" ಎನ್ನಲಾಗದೆ ಮೂರು ನಿಲ್ದಾಣ ಮುಂದೆ ಹೋಗಿ ನಡೆದು ಬರುವವನು ನಾನು. ಊರಿನವರನ್ನೆಲ್ಲ ಕೂಗಿ ಕರೆಯುವುದೆಂದರೇನು!

"ಅವನಿಗೆ ಗಂಟಲಿಲ್ಲ ಬಿಡೋ," ಎಂದು ಅಮ್ಮ ಮಾವನಿಗೆ ಹೇಳಿ ನನ್ನನ್ನು ಉಳಿಸಿದರು. ಆದರೆ ಒಂದು ಷರತ್ತು ಹಾಕಿದರು. ಅದು ಅಮ್ಮನ ಹೆಬ್ಬೆರಳಿಗೆ ಸಂಬಂಧಿಸಿದ್ದು.

ಅಪ್ಪ ಮೂವತ್ತು ವರ್ಷ ಒಂದು ಟಾಕೀಸಿಗಾಗಿ ಗೋಡೆಗೋಡೆಗೆ ಸಿನಿಮಾ ಪೋಸ್ಟರ್ ಅಂಟಿಸಿದವರು. ಟಾಕೀಸು ಮುಚ್ಚಿತು. ಅಂಟಿಸದೆ ಉಳಿದ ಪೋಸ್ಟರುಗಳು ನಮ್ಮ ಮಂಚದ ಕೆಳಗೆ ಬಂದು ಸೇರಿದವು. ಕಸ ಗುಡಿಸುವಾಗಲೆಲ್ಲ ಆ ಸುರುಳಿಗಳಿದ್ದ ಕಬ್ಬಿಣದ ಪೆಟ್ಟಿಗೆ ಅಮ್ಮನ ಕಾಲಿಗೆ ತಾಗುತ್ತಿತ್ತು.

"ಇಷ್ಟು ಜನ ಹೀರೋಗಳು ಸೇರಿ ನನ್ನೊಬ್ಬಳ ಹೆಬ್ಬೆರಳು ಒಡೀತಾರಲ್ರೀ, ನಾಚಿಕೆ ಆಗಲ್ವಾ ಅವರಿಗೆ?"

"ಅವು ಬೆಲೆ ಬಾಳೋ ವಸ್ತು ಕಣೇ. ಈಗ ಜನ ಹುಡುಕ್ಕೊಂಡು ಕೊಳ್ತಾರೆ."

"ಹಾಗಿದ್ರೆ ಮಾರಿ. ಈ ತಿಂಗಳ ಒಳಗೆ ಇವನು ಕಂಪ್ಯೂಟರಲ್ಲಿ ಒಂದೇ ಒಂದು ಪೋಸ್ಟರ್ ಮಾರಲಿ. ಮಾರಿದ್ರೆ ಅದೇ ಇವನ ಕೆಲಸ, ಮನೆಯಲ್ಲೇ ಇರಲಿ. ಇಲ್ಲಾಂದ್ರೆ ಚಪ್ಪಲಿ ಅಂಗಡಿ."

ಹೀಗೆ ನನ್ನ ಭವಿಷ್ಯ ಒಂದು ಪೋಸ್ಟರಿನ ಮೇಲೆ ನಿಂತಿತು.

ಅಪ್ಪ ಆರಿಸಿಕೊಟ್ಟ ಪೋಸ್ಟರಿನಲ್ಲಿ ಕತ್ತಿ ಹಿಡಿದ ನಾಯಕ, ಅಳುವ ನಾಯಕಿ, ಕೆನ್ನೆಯ ಮೇಲೆ ಗಾಯದ ಗೆರೆಯಿದ್ದ ಖಳನಾಯಕ ಇದ್ದರು. ಸಿನಿಮಾ ಮೂರು ದಿನ ಓಡಿತಂತೆ. ಪೋಸ್ಟರಿನ ಕೆಳಗಿನ ಬಲಮೂಲೆ ಇರಲಿಲ್ಲ. ಅದನ್ನು ಒಂದು ಆಡು ತಿಂದಿತ್ತು. ಅಪ್ಪ ಗೋಡೆಗೆ ಅಂಟು ಬಳಿಯುತ್ತಿದ್ದಾಗ ಹಿಂದಿನಿಂದ ಬಂದು ಪೋಸ್ಟರನ್ನೇ ಕಚ್ಚಿ ಎಳೆದಿತ್ತಂತೆ. ಅಪ್ಪ ಒಂದು ಕಡೆ, ಆಡು ಒಂದು ಕಡೆ, ನಡುವೆ ಕತ್ತಿ ಹಿಡಿದೂ ಏನೂ ಮಾಡದ ನಾಯಕ. ಈ ಕಥೆಯನ್ನು ಅಪ್ಪ ನಮಗೆ ನೂರಾರು ಸಲ ಹೇಳಿದ್ದಾರೆ. (ಮೊದಮೊದಲು ಅದು ಮರಿಯಾಗಿತ್ತು. ಈಚೆಗೆ ಕೊಂಬು ಬಂದಿದೆ.)

ನಾನು ಹತ್ತೊಂಬತ್ತು ಫೋಟೋ ತೆಗೆದೆ. ಒಂದು ದೋಷವನ್ನೂ ಬಿಡಲಿಲ್ಲ. ಮಡಿಕೆಯ ಗೆರೆಗೆ ಮೂರು, ತುಕ್ಕಿನ ಕಲೆಗೆ ನಾಲ್ಕು, ಆಡು ಕಚ್ಚಿದ ಜಾಗಕ್ಕೆ ಪಕ್ಕದಲ್ಲಿ ಅಡಿಕೋಲು ಇಟ್ಟು ಎರಡು. ಜೊತೆಗೆ ಒಂದು ಪುಟ ವಿವರಣೆ ಬರೆದೆ: "ಕೆಳಗಿನ ಬಲಮೂಲೆಯನ್ನು ಆಡು ತಿಂದಿದೆ. ನಾಯಕಿಯ ಎಡಗಣ್ಣಿನ ಕೆಳಗಿರುವುದು ಕಣ್ಣೀರಲ್ಲ, ತೇವದ ಕಲೆ. ಬಲಗಣ್ಣಿನ ಕೆಳಗಿರುವುದು ಕಣ್ಣೀರು."

ಎಲ್ಲವನ್ನೂ ಹಳೆ ವಸ್ತು ಮಾರುವ ಒಂದು ಜಾಲತಾಣಕ್ಕೆ ಹಾಕಿದೆ. ಎರಡು ವಾರ ಯಾರೂ ಕೇಳಲಿಲ್ಲ. ಒಬ್ಬರು ಮಾತ್ರ ಬರೆದರು: "ಇದು ಮಾರಾಟವೋ, ಶವಪರೀಕ್ಷೆಯೋ?"

ಆಗ ಅಕ್ಕ ರಂಗಪ್ರವೇಶ ಮಾಡಿದಳು. ಅವಳು ಫೋಟೋ ಸ್ಟುಡಿಯೋದಲ್ಲಿ ಮುಖಗಳನ್ನು ತಿದ್ದುವ ಕೆಲಸ ಮಾಡುತ್ತಾಳೆ. ಅವಳ ಕೈಗೆ ಸಿಕ್ಕ ಫೋಟೋದಲ್ಲಿ ಮೊಡವೆ, ಸುಕ್ಕು, ಕಲೆ ಯಾವುದೂ ಉಳಿಯುವುದಿಲ್ಲ. (ಕೆಲವೊಮ್ಮೆ ಮನುಷ್ಯನೇ ಉಳಿಯುವುದಿಲ್ಲ.)

"ಲೋ, ಹೀಗೆ ಫೋಟೋ ಹಾಕಿದ್ರೆ ಯಾರೋ ಕೊಳ್ತಾರೆ? ಕೊಡು ಇಲ್ಲಿ."

ಅರ್ಧ ಗಂಟೆಯಲ್ಲಿ ಮಡಿಕೆ ಹೋಯಿತು, ತುಕ್ಕು ಹೋಯಿತು, ಆಡು ತಿಂದ ಮೂಲೆ ಮರಳಿ ಬಂತು. ಕೈಯ ಅಭ್ಯಾಸಬಲದಿಂದ ಅಕ್ಕ ಖಳನಾಯಕನ ಕೆನ್ನೆಯ ಗಾಯವನ್ನೂ ಅಳಿಸಿ ಮೈಬಣ್ಣ ತಿಳಿಮಾಡಿದ್ದಳು. ಅವನೀಗ ಮದುವೆಗೆ ಫೋಟೋ ತೆಗೆಸಿಕೊಂಡ ವರನ ಹಾಗೆ ಕಾಣುತ್ತಿದ್ದ. ನಾಯಕಿ ಯಾಕೆ ಅಳುತ್ತಿದ್ದಾಳೆ ಎಂದೇ ತಿಳಿಯುತ್ತಿರಲಿಲ್ಲ.

"ಅಕ್ಕಾ, ಇದು ಸುಳ್ಳು."

"ಸುಳ್ಳಲ್ಲ ಕಣೋ, ಫಿನಿಶಿಂಗ್. ಎಲ್ರೂ ಮಾಡ್ತಾರೆ."

ನನ್ನ ಹತ್ತೊಂಬತ್ತು ಫೋಟೋ ಮತ್ತು ವಿವರಣೆಯನ್ನು ತೆಗೆದುಹಾಕಿ ಅವಳದೊಂದೇ ಫೋಟೋ ಹಾಕಿದಳು. ಮರುದಿನವೇ ಪೋಸ್ಟರ್ ಹೋಯಿತು! ಕಾದಿರಿಸಿದವರು ಹೀಗೆ ಬರೆದಿದ್ದರು: "ನಾನು ನಿವೃತ್ತ ಹಲ್ಲಿನ ಡಾಕ್ಟರು, ಪೋಸ್ಟರ್ ಸಂಗ್ರಾಹಕ. ಇಂಥದ್ದಕ್ಕಾಗಿ ಎಷ್ಟೋ ವರ್ಷದಿಂದ ಹುಡುಕುತ್ತಿದ್ದೆ. ಭಾನುವಾರ ನಾನೇ ಬಂದು ಒಯ್ಯುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಜೋಪಾನ."

ಮನೆಯಲ್ಲಿ ಸಂಭ್ರಮವೋ ಸಂಭ್ರಮ. ನನಗೆ ಮಾತ್ರ ಊಟ ಸೇರಲಿಲ್ಲ. ಭಾನುವಾರ ಆ ಹಿರಿಯರು ಬರುತ್ತಾರೆ, ಹೊಳೆಯುವ ಫೋಟೋ ನೆನಪಿಟ್ಟುಕೊಂಡು ಈ ಹರಿದ ಕಾಗದ ನೋಡುತ್ತಾರೆ, ನನ್ನ ಮುಖ ನೋಡುತ್ತಾರೆ. ಆಮೇಲೆ?

"ಲೈಟಿನಿಂದ ಹಾಗೆ ಕಾಣ್ಸಿದೆ ಸಾರ್ ಅಂದ್ಬಿಡು," ಎಂದಳು ಅಕ್ಕ.

ಸುಳ್ಳು ಹೇಳಲು ನನಗೆ ಬರುವುದಿಲ್ಲ. ನಿಜ ಹೇಳಬೇಕೆಂದರೆ ಬಾಯಿ ಬಿಡಬೇಕು, ಅದೂ ಬರುವುದಿಲ್ಲ. ಮಾತಿಲ್ಲದೆ ಪ್ರಾಮಾಣಿಕನಾಗಿರಲು ಒಂದೇ ದಾರಿ ಉಳಿದಿತ್ತು. ಫೋಟೋ ಪೋಸ್ಟರಿನ ಹಾಗಿಲ್ಲದಿದ್ದರೆ, ಪೋಸ್ಟರನ್ನೇ ಫೋಟೋದ ಹಾಗೆ ಮಾಡಿಬಿಡುವುದು. ಆಗ ಯಾರೂ ಸುಳ್ಳು ಹೇಳಿದಂತಾಗುವುದಿಲ್ಲ.

ಆರು ದಿನ ನಾನು ಊಟಕ್ಕೆ ಬಿಟ್ಟರೆ ಏಳಲಿಲ್ಲ. ಹಾಳಾದ ಇನ್ನೊಂದು ಪೋಸ್ಟರಿನ ಖಾಲಿ ಅಂಚನ್ನು ಕತ್ತರಿಸಿ, ಹೋದ ಮೂಲೆಗೆ ತೇಪೆ ಹಾಕಿದೆ. ಆಡಿನ ಹಲ್ಲಿನ ಗುರುತು ಮೊಂಡುಮೊಂಡಾಗಿದ್ದರಿಂದ ಜೋಡಣೆ ಸರಿಯಾಗಿ ಕೂರಲಿಲ್ಲ. ಆ ಗುರುತನ್ನೇ ಬ್ಲೇಡಿನಿಂದ ನೆಟ್ಟಗೆ ಕತ್ತರಿಸಿ ತೆಗೆದೆ. ಮೈದಾ ಅಂಟನ್ನು ಸೂಜಿಯ ತುದಿಯಿಂದ ಹಚ್ಚಿದೆ. ಬಣ್ಣದ ಪೆನ್ಸಿಲಿನಿಂದ ಚುಕ್ಕೆಚುಕ್ಕೆಯಾಗಿ ಮಡಿಕೆ ತುಂಬಿದೆ. ಖಳನಾಯಕನ ಗಾಯ ವಾಸಿಮಾಡಲು ಇಡೀ ಗುರುವಾರ ಹಿಡಿಯಿತು. ಶನಿವಾರ ಸಂಜೆ ಬೆನ್ನು ನೆಟ್ಟಗಾಗಲಿಲ್ಲ, ಆದರೆ ಪೋಸ್ಟರ್ ನೆಟ್ಟಗಾಗಿತ್ತು.

ಅಪ್ಪ ಬಂದು ಬಹಳ ಹೊತ್ತು ನೋಡಿದರು.

"ಟಾಕೀಸಿಗೆ ಬಂದ ದಿನವೂ ಇದು ಹೀಗಿರ್ಲಿಲ್ಲ ಕಣೋ," ಎಂದರು. ಆಮೇಲೆ ಬಲಮೂಲೆಯ ಮೇಲೆ ಬೆರಳಾಡಿಸಿ, "ಆಡು ಹೋಯ್ತಾ?" ಎಂದು ಮೆಲ್ಲಗೆ ಕೇಳಿದರು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಭಾನುವಾರ ಹತ್ತು ಗಂಟೆಗೆ ಡಾಕ್ಟರು ಸ್ಕೂಟರಿನಲ್ಲಿ ಬಂದರು. ಕೈಯಲ್ಲಿ ಒಂದು ಭೂತಗನ್ನಡಿ. ಅದೇ ಹೊತ್ತಿಗೆ, ಮಾರಾಟ ನಿಜವೋ ಸುಳ್ಳೋ ನೋಡಲು ಮಾವನೂ ಬಂದು ಗೇಟಿನ ಬಳಿ ನಿಂತಿದ್ದ. ನಾನು ಪೋಸ್ಟರನ್ನು ಮೇಜಿನ ಮೇಲೆ ಬಿಡಿಸಿದೆ. ಡಾಕ್ಟರು ನೇರವಾಗಿ ಕೆಳಗಿನ ಬಲಮೂಲೆಗೆ ಬಗ್ಗಿದರು. ಭೂತಗನ್ನಡಿ ಹಿಡಿದರು. ಕನ್ನಡಕ ಒರೆಸಿ ಮತ್ತೆ ಹಿಡಿದರು.

"ಕಚ್ಚಿದ್ದು ಎಲ್ಲಿ?"

ಅಕ್ಕ ನನ್ನ ಮುಖ ನೋಡಿದಳು.

"ಆಡು ಕಚ್ಚಿದ್ದು ಎಲ್ಲಪ್ಪಾ? ಮೊದಲು ಹಾಕಿದ್ರಲ್ಲ, ಹತ್ತೊಂಬತ್ತು ಫೋಟೋ! ಅಡಿಕೋಲು ಇಟ್ಟು ತೆಗೆದಿದ್ದು! ದಿನಾ ಅದನ್ನ ನೋಡ್ತಿದ್ದೆ. ಕೊಳ್ಳೋಣ ಅಂದುಕೊಳ್ಳೋಷ್ಟರಲ್ಲಿ ಅವೆಲ್ಲ ಹೋಗಿ ಯಾವುದೋ ಕ್ಯಾಲೆಂಡರ್ ಚಿತ್ರ ಬಂದಿತ್ತು. ಬೇರೆಯವ್ರ ಪಾಲಾಗುತ್ತೇನೋ ಅಂತ ಹೆದರಿ ಕಾದಿರಿಸಿದೆ."

"ಚೆನ್ನಾಗಿರೋದು ಬೇಡ್ವಾ ಸಾರ್?" ಎಂದಳು ಅಕ್ಕ, ಗಾಬರಿಯಿಂದ.

"ಚೆನ್ನಾಗಿರೋದು ನನ್ನ ಹತ್ರ ಮೂರಿದೆಯಮ್ಮ. ಆಡು ಕಚ್ಚಿದ್ದು ಒಂದೂ ಇಲ್ಲ. ಬೀದಿಗೆ ಇಳಿದ ಪೋಸ್ಟರ್ ಬದುಕಿ ವಾಪಸ್ ಬರೋದು ಅಂದ್ರೇನು! ಅದೂ ಎಂಥ ಗುರುತು! ಆಡಿಗೆ ಮೇಲ್ಗಡೆ ಮುಂದಿನ ಹಲ್ಲಿರಲ್ಲ. ಆ ಫೋಟೋದಲ್ಲಿ ಕೆಳಗಿನ ಸಾಲು ಮಾತ್ರ ಒತ್ತಿತ್ತು, ನೋಡಿದ ತಕ್ಷಣ ಅಸಲಿ ಅಂತ ಗೊತ್ತಾಯ್ತು."

ಅಪ್ಪ ಕುರ್ಚಿಯಿಂದ ಅರ್ಧ ಎದ್ದಿದ್ದರು. ಮೂವತ್ತು ವರ್ಷದಲ್ಲಿ ಅವರ ಆಡನ್ನು ಹೀಗೆ ನಂಬಿದವರು ಯಾರೂ ಇರಲಿಲ್ಲ.

"ತೇಪೆ ಹಾಕಿದ್ರೆ ಅದನ್ನ ತೆಗೆಯಕ್ಕಾಗುತ್ತಾ?" ಎಂದು ಡಾಕ್ಟರು ನನ್ನನ್ನು ಕೇಳಿದರು.

ನಾನೂ ಭೂತಗನ್ನಡಿ ಹಿಡಿದು ಹುಡುಕಿದೆ. ತೇಪೆ ಎಲ್ಲಿಂದ ಶುರುವಾಗುತ್ತದೆಂದು ನನಗೇ ಸಿಗಲಿಲ್ಲ. ಅಷ್ಟು ಜಾಗ್ರತೆಯಾಗಿ ಮಾಡಿದ್ದೆ. ಹಲ್ಲಿನ ಗುರುತಂತೂ ಬುಧವಾರವೇ ಕಸದ ಗಾಡಿಯಲ್ಲಿ ಹೋಗಿತ್ತು.

ಡಾಕ್ಟರು ನಿಟ್ಟುಸಿರು ಬಿಟ್ಟರು. "ಕಚ್ಚೇ ಇರಲಿಲ್ಲ ಅಂತ ಕಾಣುತ್ತೆ. ಆ ಹತ್ತೊಂಬತ್ತೂ ಕಂಪ್ಯೂಟರಲ್ಲಿ ಮಾಡಿದ್ದು, ಅಲ್ವಾ? ಈಗೀಗ ಏನು ಬೇಕಾದ್ರೂ ಮಾಡ್ತಾರೆ," ಎಂದು ಹೇಳಿ ಅಂಗಳ ದಾಟಿ ಸ್ಕೂಟರ್ ಹತ್ತಿದರು.

ಅಕ್ಕನ ಸುಳ್ಳನ್ನು ನಿಜವೆಂದು ನಂಬಿ, ನನ್ನ ಹತ್ತೊಂಬತ್ತು ನಿಜಗಳನ್ನು ಸುಳ್ಳೆಂದು ಹೊರಟರಲ್ಲ! ನನ್ನೊಳಗೆ ಅದೇನು ಹರಿಯಿತೋ ಗೊತ್ತಿಲ್ಲ. ಬರಿಗಾಲಲ್ಲಿ ಬೀದಿಗೆ ಓಡಿದೆ.

"ಸಾರ್! ಆಡು ನಿಜವಾಗ್ಲೂ ಕಚ್ಚಿತ್ತು ಸಾರ್! ನಾನೇ ಕತ್ತರಿಸಿ ಹಾಕಿದ್ದು! ಆಡು ಕಚ್ಚಿತ್ತೂ!"

ಎದುರುಮನೆಯ ಕಿಟಕಿಗಳು ತೆರೆದವು. ತಂತಿಯ ಮೇಲಿದ್ದ ಕಾಗೆಗಳು ಎದ್ದವು. ಬೀದಿಯ ತುದಿಯಲ್ಲಿ ಇಬ್ಬರು ಸೈಕಲ್ ನಿಲ್ಲಿಸಿ ಇಳಿದರು. ಸ್ಕೂಟರ್ ಮಾತ್ರ ನಿಲ್ಲಲಿಲ್ಲ. ಗೇಟಿನ ಬಳಿ ನಿಂತಿದ್ದ ಮಾವ ಕಿವಿಯಿಂದ ಕೈ ತೆಗೆದು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಅಕ್ಕಾ," ಎಂದು ಒಳಗಿದ್ದ ಅಮ್ಮನನ್ನು ಕರೆದ, "ಇವನಿಗೆ ಗಂಟಲಿಲ್ಲ ಅಂದ್ಯಲ್ಲೇ?"

ಸೋಮವಾರದಿಂದ ನಾನು ಚಪ್ಪಲಿ ಅಂಗಡಿಯ ಬಾಗಿಲಲ್ಲಿ ನಿಂತಿದ್ದೇನೆ. ಬನ್ನಿ ಬನ್ನಿ, ಒಳಗೆ ಬನ್ನಿ. ಪೆಟ್ಟಿಗೆ ಮಂಚದ ಕೆಳಗೇ ಇದೆ, ಅಮ್ಮನ ಹೆಬ್ಬೆರಳು ಅದಕ್ಕೆ ತಾಗುತ್ತಲೇ ಇದೆ. ನಾನು ರಿಪೇರಿ ಮಾಡಿದ ಪೋಸ್ಟರನ್ನು ಅಪ್ಪ ಗೋಡೆಗೆ ತೂಗುಹಾಕಿದ್ದಾರೆ. ಬಂದವರಿಗೆ ಮೂಲೆ ತೋರಿಸಿ ಆಡಿನ ಕಥೆ ಹೇಳುತ್ತಾರೆ. ಬಂದವರು ಮೂಲೆ ನೋಡಿ, ಅಪ್ಪನನ್ನು ನೋಡಿ, ಪಾಪ ವಯಸ್ಸಾಯಿತು ಎನ್ನುತ್ತಾರೆ.

ಅಕ್ಕನಿಗೆ ನನ್ನ ಮೇಲೆ ಕನಿಕರ ಬಂದಿರಬೇಕು. ಅಂಗಡಿಯ ಮುಂದೆ ಹಾಕಲು ನನ್ನದೊಂದು ದೊಡ್ಡ ಫೋಟೋ ಮಾಡಿಕೊಟ್ಟಳು. "ನಗುಮುಖದ ಸೇವೆ" ಎಂದು ಕೆಳಗೆ ಬರೆದಿದೆ. ಅಗಲವಾದ ಎದೆ, ಹೊಳೆಯುವ ಹಲ್ಲು, ಮೊಡವೆಯಿಲ್ಲದ ಕೆನ್ನೆ. ನಿನ್ನೆ ಒಬ್ಬ ಹೆಂಗಸು ಬೋರ್ಡು ನೋಡಿ, ನನ್ನನ್ನು ನೋಡಿ, ಮತ್ತೆ ಬೋರ್ಡು ನೋಡಿ ಕೇಳಿದರು:

"ಇವ್ರು ಎಲ್ಲಪ್ಪಾ? ನಿಮ್ಮಣ್ಣನಾ?"

"ನಾನೇ ಅಮ್ಮಾ ಅದು."

ಅವರು ನನ್ನನ್ನು ಒಂದು ಕ್ಷಣ ದಿಟ್ಟಿಸಿ, ಚೀಲ ಹೆಗಲಿಗೇರಿಸಿ ಮೆಟ್ಟಿಲು ಇಳಿದರು.

"ಇಷ್ಟು ಚಿಕ್ಕ ವಯಸ್ಸಿಗೇ ಹೀಗೆ ಸುಳ್ಳು ಹೇಳ್ತೀಯಲ್ಲಪ್ಪಾ," ಎಂದರು.