ಮಜ್ಮೂನು ಹೋಗಿ ಪ್ರಬಂಧ ಬಂದಾಗ

ಮಾಸ್ತರಿಕೆ ಮಾಡಿದವನಿಗೆ ನಗೆಯ ಬರವಿಲ್ಲ. ನಾವು ಹೇಳುವುದು ಒಂದು, ಹುಡುಗರ ಕಿವಿಗೆ ಬೀಳುವುದು ಇನ್ನೊಂದು. ಪೊಲೀಸ್ ಆಕ್ಷನ್ ಮುಗಿದು ಹೈದರಾಬಾದ್ ರಾಜ್ಯ ಹೊಸದಾಗಿ ಕಣ್ಣುಬಿಡುತ್ತಿದ್ದ ದಿನಗಳಲ್ಲಂತೂ ನಮ್ಮ ಭಾಲ್ಕಿಯ ಸಾಲೆಯಲ್ಲಿ ಇದು ನಿತ್ಯದ ಪಾಡು. ಉರ್ದುವಿನ ಮಜ್ಮೂನು ಹೋಗಿ ಕನ್ನಡದ ಪ್ರಬಂಧ ಬಂದಿತ್ತು. ಅದನ್ನು ಕಲಿಸುವ ಕೆಲಸ ನನ್ನ ಕೊರಳಿಗೆ ಬಿದ್ದಿತ್ತು.

ಹುಡುಗರ ಹಿಂದೆ, ಕೊನೆಯ ಸಾಲಿನಲ್ಲಿ, ಗಡ್ಡ ಹಣ್ಣಾದ ಒಬ್ಬ ವಿದ್ಯಾರ್ಥಿಯೂ ಕೂಡುತ್ತಿದ್ದರು. ಅವರು ನಮ್ಮದೇ ಸಾಲೆಯ ಮೌಲ್ವಿ ಸಾಹೇಬರು. ಅಲ್ಲಿಯವರೆಗೆ ಉರ್ದುವಿನಲ್ಲಿ ಲೆಕ್ಕ ಕಲಿಸಿದವರು. ಈಗ ಕನ್ನಡದ ಪರೀಕ್ಷೆ ಪಾಸಾದರೆ ನೌಕರಿ, ಇಲ್ಲದಿದ್ದರೆ ಮನೆ ಎಂದು ಹುಕುಂ ಬಂದಿತ್ತು. ಮನೆ ತುಂಬ ಮಕ್ಕಳು. "ಬಾಯಾಗ ಕನ್ನಡ ಅದರಿ ಮಾಸ್ತರ, ಕೈಯಾಗ ಇಲ್ಲ" ಎಂದು ಹೇಳಿ ಪಾಟಿ ಹಿಡಿದು ಕೂತಿದ್ದರು. ಅವರನ್ನು ಪಾಸು ಮಾಡಿಸಲೇಬೇಕೆಂದು ನನಗೂ ಹಟ.

೧. ರುಚಿಯಾದ ಪ್ರಬಂಧ

ಮೊದಲ ದಿನ, "ನಾಳೆ ಎಲ್ಲರೂ ಮದುವೆಯ ಬಗ್ಗೆ ಒಂದು ಪ್ರಬಂಧ ಮಾಡಿಕೊಂಡು ಬರ್ರಿ" ಎಂದೆ. ಮರುದಿನ ಕಮಲನಗರದ ಕಡೆಯ ಒಬ್ಬ ಹುಡುಗನ ಅಪ್ಪ ಸಾಲೆಯ ಮುಂದೆ ಎತ್ತಿನ ಬಂಡಿ ನಿಲ್ಲಿಸಿದ. ಬಂಡಿಯಲ್ಲಿ ಗಾದಿ, ಲೋಡು, ಒಂದು ಗಂಟು ಕಡಕ್ ರೊಟ್ಟಿ, ಶೇಂಗಾ ಹಿಂಡಿ.

"ಇದೇನ್ರಿ?" ಎಂದೆ.

"ಮದವಿ ಪ್ರಬಂಧ ಮಾಡ್ಕೊಂಡು ಬರ್ರಿ ಅಂದೀರಂತಲ್ರಿ. ಮದವಿ ಯಾರ್ದರಿ, ನಿಮ್ದಾ?"

ಅವರ ಮನೆಮಾತು ಮರಾಠಿ. ಅದರಲ್ಲಿ ಪ್ರಬಂಧವೆಂದರೆ ಏರ್ಪಾಡು, ಬಂದೋಬಸ್ತು. ನನಗಿನ್ನೂ ಮದುವೆ ಆಗಿರಲಿಲ್ಲವಾದ್ದರಿಂದ ಆ ಮಾತು ತುಸು ಚುಚ್ಚಿತು. ಆದರೂ ತಂದದ್ದನ್ನು ವಾಪಸು ಕಳಿಸುವುದು ಸರಿಯಲ್ಲವೆಂದು ಮಾಸ್ತರರೆಲ್ಲ ಸೇರಿ ರೊಟ್ಟಿ ಮುಗಿಸಿದೆವು. ಅಷ್ಟು ರುಚಿಯಾದ ಪ್ರಬಂಧವನ್ನು ಆಮೇಲೆ ಯಾವ ವಿದ್ಯಾರ್ಥಿಯೂ ನನಗೆ ಕೊಡಲಿಲ್ಲ.

೨. ಹುಲಿ ಬಂತು

ಮುಂದೆ ವರ್ಣನೆಯ ಪ್ರಬಂಧ. ಎಷ್ಟು ಹೇಳಿದರೂ ಹುಡುಗರ ಮುಖ ಗೋಡೆಯ ಹಾಗೆ. ಮೌಲ್ವಿ ಸಾಹೇಬರು ಹಿಂದಿನಿಂದ, "ಹುಲಿಯಾ ಅನ್ರಿ ಮಾಸ್ತರ, ತಿಳೀತದ" ಎಂದು ದಾರಿ ತೋರಿಸಿದರು. ಉರ್ದುವಿನಲ್ಲಿ ಹುಲಿಯಾ ಎಂದರೆ ಒಬ್ಬರ ಚಹರೆಯನ್ನು ಇದ್ದಂತೆ ಹೇಳುವುದು. ನಾನೂ ಖುಷಿಯಿಂದ, "ನಿಮ್ಮ ಅವ್ವನ ಹುಲಿಯಾ ಬರೀರಿ" ಎಂದೆ.

ಹಳ್ಳಿಯ ಹುಡುಗರಿಗೆ ಕೇಳಿದ್ದು ಹುಲಿ. "ನಮ್ಮ ಅವ್ವನ ಹತ್ತಿರ ಹುಲಿ ಇಲ್ಲ. ಎರಡು ಎಮ್ಮಿ ಅವ" ಎಂದು ಒಬ್ಬ ಬರೆದಿದ್ದ. ಪೊಲೀಸ್ ಜವಾನನ ಮಗನಿಗೆ ಮಾತ್ರ ಶಬ್ದ ಸರಿಯಾಗಿ ಗೊತ್ತಿತ್ತು. ಅವನು ಬರೆದದ್ದು: "ಬಣ್ಣ ಗೋಧಿ. ಗದ್ದದ ಮ್ಯಾಲೆ ಹಚ್ಚಿ. ಮನಿಯಿಂದ ಹೊರಡುವಾಗ ಹಸರ ಸೀರಿ ಉಟ್ಟಿದ್ದಳು. ಕಂಡವರು ಠಾಣೆಗೆ ತಿಳಿಸತಕ್ಕದ್ದು."

ಮೌಲ್ವಿ ಸಾಹೇಬರು ಓದಿ ಗಡ್ಡ ನೀವಿಕೊಂಡರು. "ಹುಲೀನೂ ಬಂತು, ಪೊಲೀಸರೂ ಬಂದ್ರು. ವರ್ಣನಾ ಒಂದು ಬರ್ಲಿಲ್ಲ ನೋಡ್ರಿ ಮಾಸ್ತರ."

೩. ಸಂತೆಯ ಕಥನ

ಔರಾದ ಕಡೆಯ ಕುರಿಗಾರರ ಹುಡುಗನೊಬ್ಬನಿಗೆ, ನಡೆದದ್ದನ್ನು ನಡೆದಂತೆ ಹೇಳುವುದೇ ಕಥನ ಎಂದು ತಿಳಿಸಿ, "ನಾನು ಸಂತೆಗೆ ಹೋದದ್ದು" ಎಂಬ ವಿಷಯ ಕೊಟ್ಟೆ. ಅವನು, "ಸಂತಿಗಿ ಹೋದೆ. ಬಂದೆ" ಎಂದು ಬರೆದು ಪಾಟಿ ಕೆಳಗಿಟ್ಟ.

"ನಡುವ ಏನೂ ಆಗಲಿಲ್ಲೇನೋ?"

"ಆಗಿದ್ರ ನಮ್ಮಪ್ಪ ನನಗ ಮನಿ ಒಳಗ ಬಿಟ್ಕೋತಿದ್ದನೇನ್ರಿ?"

೪. ಪರೀಕ್ಷೆ

ಕೊನೆಗೆ ವಾದದ ಪ್ರಬಂಧ ಹಿಡಿದೆ. ಎರಡೂ ಕಡೆಯ ಮಾತು ತೂಗಿ ಒಂದು ಕಡೆ ನಿಲ್ಲುವುದನ್ನು ಕಲಿಸುವ ಹೊತ್ತಿಗೆ ಮೌಲ್ವಿ ಸಾಹೇಬರು ಚಳಿಜ್ವರದಿಂದ ಮಲಗಿದರು. ಎದ್ದದ್ದೇ ಬೀದರಿಗೆ ಪರೀಕ್ಷೆಗೆ ಹೋಗಲು. ಜೀವ ತಡೆಯದೆ ನಾನೂ ಜೊತೆಗೆ ಹೋದೆ.

ಹೊರಗೆ ಬಂದಾಗ ಅವರ ಮುಖ ಈದಿನ ಚಂದ್ರ. "ಸವಾಲು ಹಗರ ಇತ್ರಿ. ಹಳ್ಳಿ ಚಲೋನೋ, ಶಹರ ಚಲೋನೋ, ವಾದ ಮಾಡಿರಿ ಅಂತ ಕೇಳ್ಯಾರ. ಸರ್ಕಾರ ವಾದಾ ಕೇಳಿದ ಮ್ಯಾಲ ಇಲ್ಲ ಅನ್ಲಿಕ್ಕಿ ಆಗ್ತದೇನ್ರಿ? ಮಾಡಿಬಿಟ್ಟೆ."

ಏನು ಬರೆದಿರಿ ಎಂದು ಬಿಡಿಸಿ ಕೇಳಿದೆ. ಉರ್ದುವಿನಲ್ಲಿ ವಾದಾ ಎಂದರೆ ಮಾತು ಕೊಡುವುದು. ಅವರು ಬರೆದಿದ್ದರು: "ಹುಜೂರ್, ವಾದಾ ಮಾಡ್ತೇನಿ. ಹಳ್ಳಿಗೆ ಕಳಿಸಿದರೂ ಹೋಗ್ತೇನಿ, ಶಹರದಾಗ ಇಟ್ಟರೂ ಇರ್ತೇನಿ. ನೌಕರಿ ಮಾತ್ರ ತೆಗೀಬ್ಯಾಡ್ರಿ." ಅರ್ಥ ಬಿಡಿಸಿ ಹೇಳಿದಾಗ ಪಾಪ, ಊರ ನಡುವಿನ ಚೌಬಾರ ಗೋಪುರದ ಕಟ್ಟೆಯ ಮೇಲೆ ಕುಸಿದು ಕೂತರು. ಚಹಾ ತರಿಸಿದರೆ ಮುಟ್ಟಲಿಲ್ಲ.

ಫಲಿತಾಂಶದ ದಿನ ಬೀದರಿನ ವಿದ್ಯಾಧಿಕಾರಿಗಳು ನಮ್ಮಿಬ್ಬರನ್ನೂ ಒಳಗೆ ಕರೆದರು. "ವಾದ ಏನೂ ಇಲ್ಲ. ಆದರ ಕನ್ನಡ ಸ್ವಚ್ಛ ಅದ. ಪಾಸು" ಎಂದರು. ಮೌಲ್ವಿ ಸಾಹೇಬರ ಕಣ್ಣು ತುಂಬಿತು. ಅದು ಒಣಗುವ ಮೊದಲೇ ಅಧಿಕಾರಿಗಳು ಇನ್ನೊಂದು ಕಾಗದ ಮುಂದೆ ಸರಿಸಿದರು. ಠಾಣಾ ಕುಶನೂರು ಎಂಬ ಹಳ್ಳಿಯ ಸಾಲೆಗೆ ಬದಲಿ.

"ಹುಜೂರ್, ಮನಿ ಮಕ್ಕಳು ಭಾಲ್ಕ್ಯಾಗ ಅವರಿ."

"ಹಳ್ಳಿಗಿ ಕಳಿಸಿದರೂ ಹೋಗ್ತೇನಿ ಅಂತ ಬರದು ಕೊಟ್ಟೀರಲ್ರಿ?"

ಹೊರಗೆ ಬಂದು ಮೆಟ್ಟಿಲಿಳಿಯುತ್ತ ಮೌಲ್ವಿ ಸಾಹೇಬರು ನನ್ನ ಹೆಗಲ ಮೇಲೆ ಕೈಹಾಕಿದರು. "ಉರ್ದುದಾಗ ಮನಿಯವ್ರಿಗಿ ಎಷ್ಟು ವಾದಾ ಮಾಡೇನೋ ಲೆಕ್ಕ ಇಲ್ಲ ಮಾಸ್ತರ, ಒಂದೂ ನಡಸಿಲ್ಲ, ಯಾರೂ ಕೇಳಿಲ್ಲ. ಕನ್ನಡದಾಗ ಮಾಡಿದ್ದು ಒಂದೇ, ಸಿಕ್ಕೊಂಡೆ ನೋಡ್ರಿ."