ಪಂಕ್ಚರ್ ಆಗದ ಕಾರಿನ ತಕರಾರು

“ಇವತ್ತು ಆ ಷೋರೂಮಿನವರ ಬೆವರಿಳಿಸದಿದ್ರೆ ನಾನು ವಾಮದೇವಪ್ಪನೇ ಅಲ್ಲ,” ಎಂದು ವಾಮದೇವಪ್ಪನವರು ಶನಿವಾರ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಶಪಥ ಮಾಡಿದರು. ಕನ್ನಡಿಯ ಮುಂದೆ ಯಾಕೆಂದರೆ, ಶಪಥ ಕೇಳಲು ಮನೆಯಲ್ಲಿ ಬೇರೆ ಯಾರಿಗೂ ಪುರುಸೊತ್ತಿರಲಿಲ್ಲ. ಅಡುಗೆಯ ತಿಪ್ಪಮ್ಮ ಇದ್ದಳು ನಿಜ. ಆದರೆ ಅವಳಿಗೆ ಇನ್ನೂ ನಾಲ್ಕಾರು ಮನೆಯ ರೊಟ್ಟಿ ತಟ್ಟುವುದಿತ್ತು. “ಪಲ್ಯ ಮುಚ್ಚಿಟ್ಟೀನ್ರಿ,” ಎಂದು ಬಾಗಿಲಲ್ಲೇ ಹೇಳಿ ಹೊರಟುಹೋದಳು.

ವಾಮದೇವಪ್ಪನವರೇನು ಸಾಮಾನ್ಯರಲ್ಲ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸಿ, ಕೆ.ಬಿ. ಬಡಾವಣೆಯಲ್ಲಿ ಮನೆ ಕಟ್ಟಿಸಿದವರು. ಭಟ್ಟಿಯಲ್ಲಿ ಅವರು ಕೆಮ್ಮಿದರೆ ಆಳುಗಳು ಎದ್ದು ನಿಲ್ಲುತ್ತಿದ್ದರು. ಮನೆಯಲ್ಲಿ ಕೆಮ್ಮಿದರೆ ಒಂದು ಲೋಟ ನೀರು ಕೊಡುವವರಿರಲಿಲ್ಲ. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು ನಯನಾಳನ್ನು ಹರಿಹರಕ್ಕೆ ಕೊಟ್ಟಿದ್ದರು. ಹರಿಹರ ಎಷ್ಟು ದೂರ ಮಹಾ? ಇಲ್ಲಿ ಬಾಯಿಗೆ ಹಾಕಿದ ಎಲೆಅಡಿಕೆ ಅಲ್ಲಿ ಮುಟ್ಟಿದ ಮೇಲೂ ಬಾಯಲ್ಲೇ ಇರುತ್ತದೆ. ಆದರೂ ಹೋಗುವ ಹಾಗಿರಲಿಲ್ಲ. ಹೆಣ್ಣು ಕೊಟ್ಟ ಮನೆಗೆ ಅಪ್ಪನಾದವನು ಕರೆಯದೆ ಹೋಗಬಾರದು, ಹೋದರೂ ಬೇರು ಬಿಡಬಾರದು ಎಂಬುದು ಅವರ ಮನೆತನದ ಕಾನೂನು. ಅವರಪ್ಪ ಪಾಲಿಸಿದ್ದರು, ಅಜ್ಜನೂ ಪಾಲಿಸಿದ್ದರು. ಅವರಿಬ್ಬರಿಗೂ ಮಾತಾಡಲು ಮನೆಯಲ್ಲಿ ಹೆಂಡತಿ ಇದ್ದಳು, ಅದು ಬೇರೆ ಮಾತು.

ಈ ಕಾನೂನಿಗೆ ಕಳ್ಳದಾರಿ ತೋರಿಸಿಕೊಟ್ಟದ್ದು ಅವರ ಹಳೇ ಕಾರು. ಒಂದು ಭಾನುವಾರ ರಾಣೆಬೆನ್ನೂರಿಗೆ ಹೊರಟಿದ್ದಾಗ ಹರಿಹರದಲ್ಲಿ, ಅದೂ ಮಗಳ ಬೀದಿಯ ತಿರುವಿನಲ್ಲೇ, ಅದರ ಟೈರು ಠುಸ್ಸೆಂದಿತು. ಕಾರು ಕೆಟ್ಟು ನಿಂತ ಬೀಗರನ್ನು ಯಾರಾದರೂ ಬಿಸಿಲಲ್ಲಿ ಬಿಡುತ್ತಾರೆಯೇ? ನಯನಾಳ ಅತ್ತೆ ಕಸ್ತೂರಮ್ಮ “ಒಳಗ ಬರ್ರಿ ಬೀಗ್ರೆ, ಕೂಡ್ರಿ” ಎಂದರು. ಪಂಕ್ಚರ್ ಅಂಗಡಿಯ ಮುನಾಫ್ ಸಾಲಾಗಿ ನಿಂತ ಲಾರಿಗಳನ್ನೆಲ್ಲ ಮುಗಿಸಿ ಇವರ ಟ್ಯೂಬಿಗೆ ಕೈ ಹಚ್ಚುವಷ್ಟರಲ್ಲಿ ಊಟವಾಯಿತು, ಒಂದು ಸಣ್ಣ ನಿದ್ದೆಯಾಯಿತು, ನಯನಾಳ ಕೈಯ ಚಹಾ ಆಯಿತು. ಅಲ್ಲಿಂದ ಮುಂದೆ ಭಾನುವಾರ ಬಂತೆಂದರೆ ಆ ಕಾರಿಗೆ ಹರಿಹರದಲ್ಲಿ ಪಂಕ್ಚರ್. ವಾಮದೇವಪ್ಪನವರು ತಾವಾಗಿ ಏನೂ ಮಾಡುತ್ತಿರಲಿಲ್ಲ, ದೇವರಾಣೆ. ಟೈರುಗಳು ಸವೆದು ಬೋಳಾಗಿದ್ದವು. ಅವನ್ನು ಬದಲಾಯಿಸುತ್ತಿರಲಿಲ್ಲ, ಡಿಕ್ಕಿಯ ಸ್ಟೆಪ್ನಿಗೆ ಗಾಳಿ ತುಂಬಿಸುತ್ತಿರಲಿಲ್ಲ, ಅಷ್ಟೇ.

ಅಂಥ ಚಿನ್ನದಂಥ ಕಾರನ್ನು ಮಾರಿಸಿದವನು ವಿಜಯಕುಮಾರ್. ಪಿ.ಬಿ. ರಸ್ತೆಯ ಷೋರೂಮಿನಲ್ಲಿ ಟೈ ಕಟ್ಟಿಕೊಂಡು ಹೊಸ ಕಾರು ಮಾರುವವನು. “ಟ್ಯೂಬ್‌ಲೆಸ್ ಟೈರ್ ಸರ್, ಹೊಸದಾಗಿ ಬಂದೈತೆ. ಒಳಗ ಟ್ಯೂಬೇ ಇಲ್ಲ,” ಎಂದ.

“ಟ್ಯೂಬಿಲ್ದ ಗಾಳಿ ಎಲ್ಲಿ ಕೂಡ್ತೈತೋ ತಮ್ಮಾ?”

“ಟೈರಿನಾಗೇ ಕೂಡ್ತೈತ್ರಿ ಸರ್.”

“ಪಂಕ್ಚರ್ ಆದ್ರೆ?”

“ಆಗಂಗಿಲ್ಲ ಸರ್. ಆತು ಅಂದ್ರೂ ಬೀದಿ ಅಂಗಡ್ಯಾಗ ಇದನ್ನ ಮುಟ್ಟಂಗಿಲ್ಲ. ನಮಗೇ ಫೋನ್ ಮಾಡ್ಬೇಕು. ನಮ್ಮ ಮೆಕ್ಯಾನಿಕ್ ಬರಾದು ಸಂಜೆ ಆಗ್ಬಹುದು.”

“ಹರಿಹರದಾಗ ಆದ್ರೆ?”

“ಹರಿಹರ ಅಂದ್ರೆ,” ಎಂದು ವಿಜಯಕುಮಾರ್ ಅಳುಕುತ್ತ ನಿಜ ಹೇಳಿಬಿಟ್ಟ, “ಮರುದಿನಾನೂ ಆಗ್ಬಹುದು ಸರ್.”

ವಾಮದೇವಪ್ಪನವರ ಎದೆ ಹೂವಾಯಿತು. ಹಳೇ ಕಾರಿನ ಪಂಕ್ಚರಿಗೆ ಸಿಗುತ್ತಿದ್ದದ್ದು ಒಂದು ಮಧ್ಯಾಹ್ನ. ಈ ಕಾರಿನ ಪಂಕ್ಚರಿಗೆ ಇಡೀ ರಾತ್ರಿ! ರಾತ್ರಿಯೂಟ, ಆಮೇಲೆ ಅಂಗಳದಲ್ಲಿ ಚಾಪೆ, ನಿದ್ದೆ ಬರುವತನಕ ಮಗಳ ಜೊತೆ ಮಾತು. “ಬಿಳೇದು ಕೊಡು,” ಎಂದರು. ಅಷ್ಟು ಸಲೀಸಾಗಿ ಒಂದು ಕಾರು ಮಾರಿದ್ದು ವಿಜಯಕುಮಾರನಿಗೆ ಜನ್ಮದಲ್ಲೇ ಮೊದಲು. ಆ ಖುಷಿಗೆ, ಟೈರಿನ ಗಾಳಿ ಅಳೆಯುವ ಪೆನ್ನಿನಂಥ ಒಂದು ಮೀಟರನ್ನೂ ಪುಕ್ಕಟೆ ಕೊಟ್ಟ.

ಆಮೇಲೆ ನೋಡಿ ಫಜೀತಿ. ಕಾರು ಪಂಕ್ಚರ್ ಆಗಲೊಲ್ಲದು! ವಾಮದೇವಪ್ಪನವರು ದಿನಾ ಎದ್ದ ಕೂಡಲೆ ಮೀಟರು ಹಚ್ಚಿ ನೋಡಿದರು. ಗಾಳಿ ಜಪ್ಪಯ್ಯ ಎಂದರೂ ಇಳಿಯಲಿಲ್ಲ. ಕಲ್ಲಿನ ಮೇಲೆ ಓಡಿಸಿದರು, ಜಾಲಿಮುಳ್ಳಿನ ಮೇಲೆ ಹಾಯಿಸಿದರು. ಬೇಸಿಗೆ ಹೋಗಿ ಮಳೆಗಾಲ ಬಂತು. ಭಾನುವಾರ ಹರಿಹರಕ್ಕೆ ಹೋಗುವುದು, ಮಗಳ ಮನೆಯ ಮುಂದೆ ನಿಧಾನ ಮಾಡಿ ಹಾರನ್ ಒತ್ತುವುದು, ಹೊಳೆಯ ಸೇತುವೆತನಕ ಹೋಗಿ ತಿರುಗಿ ಬರುವುದು, ಇಷ್ಟೇ ಆಯಿತು. ನಯನಾ ಬಾಗಿಲಿಗೆ ಬಂದು ಕೈ ಬೀಸುತ್ತಿದ್ದಳು. ಅಪ್ಪಾಜಿಗೆ ಏನೋ ಅವಸರದ ಕೆಲಸವಿರಬೇಕು ಎಂದುಕೊಂಡು ಒಳಗೆ ಹೋಗುತ್ತಿದ್ದಳು. ಅಪ್ಪಾಜಿ ಮನೆಗೆ ಬಂದು ಮುಚ್ಚಿಟ್ಟ ಪಲ್ಯ ತೆಗೆದು ಒಬ್ಬರೇ ಉಣ್ಣುತ್ತಿದ್ದರು.

ಹೀಗೆ ಕಾಯ್ದು ಕಾಯ್ದು ಬೇಸತ್ತು, ಆ ಶನಿವಾರ ಷೋರೂಮಿಗೆ ನುಗ್ಗಿದರು.

“ನಿಮ್ಮ ಟೈರಿನ ಮ್ಯಾಲೆ ತಕರಾರು ಐತೆ.”

“ಏನಾಗೈತ್ರಿ ಸರ್?”

“ಏನೂ ಆಗಿಲ್ಲ. ಅದೇ ತಕರಾರು.”

ವಿಜಯಕುಮಾರ್ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದ. “ಗಾಳಿ ಇಳೀತೈತೇನ್ರಿ ಸರ್?”

“ಇಳೀವಲ್ದು ಅಂತ ಹೇಳಾಕೇ ಬಂದೀನಿ.”

“ಒಳ್ಳೇದಾತಲ್ರಿ ಸರ್.”

“ಯಾರಿಗೆ ಒಳ್ಳೇದಾತು? ನೋಡು ತಮ್ಮಾ, ಇದನ್ನ ಕಿತ್ತಾಕಿ ಟ್ಯೂಬಿನ ಟೈರು ಹಾಕ್ಕೊಡು. ಹಳೇದಾದ್ರೂ ನಡೀತೈತೆ. ಸವೆದಿದ್ರೆ ಇನ್ನೂ ಚಲೋ.”

ಇಂಥ ಗಿರಾಕಿಯನ್ನು ವಿಜಯಕುಮಾರ್ ಕಂಡಿರಲಿಲ್ಲ. ಯಾಕೋ ತಲೆ ಕಾದಿರಬೇಕೆಂದು ಫ್ಯಾನಿನ ಕೆಳಗೆ ಕೂರಿಸಿ ಚಹಾ ತರಿಸಿದ. ಎದುರಿಗೆ ಕೂತು ಉಪಚಾರ ಮಾಡುವವರು ಸಿಕ್ಕಿದ್ದೇ ತಡ, ವಾಮದೇವಪ್ಪನವರ ಸಿಟ್ಟು ಅರ್ಧ ಇಳಿಯಿತು. ಮಂಡಕ್ಕಿಯ ಧಾರಣೆ, ಮಳೆ, ಮೊಣಕಾಲು ನೋವು ಎಲ್ಲ ಹೇಳಿಕೊಂಡು ಇನ್ನೊಂದು ಚಹಾ ಕುಡಿದರು. ಬೆವರಿಳಿಸುವ ವಿಚಾರ ಮರೆತೇಹೋಯಿತು. ಏಳುವಾಗ ವಿಜಯಕುಮಾರ್ ಸಮಾಧಾನ ಹೇಳಿದ: “ಚಿಂತೀನೇ ಮಾಡಬ್ಯಾಡ್ರಿ ಸರ್. ಈ ಟೈರಿಗೆ ಮೊಳೆ ಹೊಡೆದ್ರೂ ನಿಮ್ಮನ್ನ ಮನಿಗೆ ಮುಟ್ಟಿಸ್ತೈತೆ.”

“ಹೌದಾ? ಅದನ್ನೂ ಒಂದು ಕೈ ನೋಡೇಬಿಡ್ತೀನಿ,” ಎಂದು ವಾಮದೇವಪ್ಪನವರು ನೆಟ್ಟಗೆ ಮೊಳೆಯ ಅಂಗಡಿಗೆ ನಡೆದರು.

ಮರುದಿನ ಭಾನುವಾರ. ಹರಿಹರ ಇನ್ನೇನು ಬಂತು ಎನ್ನುವಲ್ಲಿ ಬೇವಿನ ಮರದ ಕೆಳಗೆ ಕಾರು ನಿಂತಿತು. ಗರಿಗರಿ ಬಿಳಿ ಪಂಚೆಯ ಯಜಮಾನರು ಮಣ್ಣಲ್ಲಿ ಮಂಡಿಯೂರಿ ಸ್ವಂತ ಕಾರಿನ ಟೈರಿಗೆ ಸುತ್ತಿಗೆಯಿಂದ ಮೊಳೆ ಜಡಿಯತೊಡಗಿದರು. ಮೊಳೆ ಇನ್ನೂ ಅರ್ಧ ಹೋಗಿತ್ತು, ಭಾನುವಳ್ಳಿ ಕಡೆಯ ದುರುಗಣ್ಣ ಎಂಬ ಪುಣ್ಯಾತ್ಮ ಸೈಕಲ್ ನಿಲ್ಲಿಸಿದ.

“ಮೊಳೆ ಚುಚ್ಚೈತೇನ್ರಿ ಯಜಮಾನ್ರೆ? ಸರೀರಿ, ನಾ ಕೀಳ್ತೀನಿ.”

“ಬ್ಯಾಡ ಬ್ಯಾಡ, ಇರ್ಲಿ ಬಿಡಪ್ಪ.”

“ಸಂಕೋಚ ಯಾಕ್ರಿ? ನಿಮ್ಮಂಥೋರು ಮಣ್ಣಾಗ ಕೂಡಬಾರ್ದು.” ದುರುಗಣ್ಣ ಸುತ್ತಿಗೆ ಕಸಿದುಕೊಂಡು ಅದರ ಸೀಳಿನಲ್ಲಿ ಮೊಳೆಯನ್ನು ಮೀಟಿ ಕಿತ್ತೇಬಿಟ್ಟ. ಅದು ಇನ್ನೂ ಒಳಗೆ ಮುಟ್ಟಿರಲಿಲ್ಲ. “ದೇವ್ರು ದೊಡ್ಡೋನು, ಗಾಳಿ ಹೋಗಿಲ್ಲ,” ಎಂದು ಮೊಳೆಯನ್ನು ಗದ್ದೆಗೆಸೆದು ಸೈಕಲ್ ಹತ್ತಿದ. ವಾಮದೇವಪ್ಪನವರು ಕೈಮುಗಿದು ಅವನನ್ನು ಕಳಿಸಿ, ಜೇಬಿನಿಂದ ಇನ್ನೊಂದು ಮೊಳೆ ತೆಗೆದರು. ಈ ಸಲ ತಲೆ ಮುಳುಗುವತನಕ ಜಡಿದರು. ಸುಸ್ ಎಂದೀತೆಂದು ಟೈರಿಗೆ ಕಿವಿಗೊಟ್ಟು ಕೂತರು. ಊಹೂಂ.

ಬಂದದ್ದಾಗಲಿ ಎಂದು ಹಾಗೇ ಬೀಗರ ಮನೆಯ ಮುಂದೆ ಕಾರು ನಿಲ್ಲಿಸಿ, “ಪಂಕ್ಚರ್ ಆತ್ರಿ!” ಎಂದು ಕೂಗಿದರು. ಎಷ್ಟೋ ತಿಂಗಳಿಂದ ಹೇಳಬೇಕೆಂದಿದ್ದ ಮಾತು. ಧ್ವನಿಯಲ್ಲಿ ಹಬ್ಬದ ಕಳೆ ಇತ್ತು.

ಕಸ್ತೂರಮ್ಮ ಹೊರಗೆ ಬಂದರು, ಅಳಿಯ ಬಕ್ಕೇಶ್ ಬಂದ, ಹಿಂದೆ ನಯನಾ ಬಂದಳು. ಎಲ್ಲರೂ ಟೈರು ನೋಡಿದರು. ಟೈರು ಉಬ್ಬಿದ ಪೂರಿಯಂತೆ ಗುಂಡಗಿತ್ತು.

“ಎಲ್ರಿ ಪಂಕ್ಚರ್?” ಎಂದರು ಕಸ್ತೂರಮ್ಮ.

“ಇಲ್ಲೈತಲ್ರಿ ಮೊಳೆ.”

“ಮೊಳೆ ಐತೆ, ಗಾಳೀನೂ ಐತಲ್ರಿ ಬೀಗ್ರೆ.”

“ಇಳೀತೈತ್ರಿ, ಸ್ವಲ್ಪ ತಡೀರಿ.”

ತಡೆದರು. ವರಾಂಡದಿಂದ ಬೆಂಚು ಬಂತು. ಪಕ್ಕದ ಮನೆಯವರೂ ಬಂದು ನಿಂತರು. ಅಷ್ಟೂ ಜನ ಒಂದು ಟೈರನ್ನು ಎವೆಯಿಕ್ಕದೆ ನೋಡಿದರು. ಕೊನೆಗೆ ಬಕ್ಕೇಶ್, ಕಾರಿನೊಳಗಿದ್ದ ಮೀಟರು ಕಂಡು, ಉತ್ಸಾಹದಿಂದ ಹಚ್ಚಿ ನೋಡಿದ. “ಬರೋಬ್ಬರಿ ಐತೆ ಮಾವಾರೆ. ಒಂದು ಚೂರೂ ಇಳಿದಿಲ್ಲ.”

“ಹಂಗಾರ ತಡ ಮಾಡಬ್ಯಾಡ್ರಿ,” ಎಂದರು ಕಸ್ತೂರಮ್ಮ. ಪಾಪ, ಅವರದು ನಿಜವಾದ ಕಾಳಜಿ. “ಗಾಳಿ ಇದ್ದಾಗ್ಲೇ ಊರು ಮುಟ್ಟಿಬಿಡ್ರಿ. ಹಾದ್ಯಾಗ ಕೈಕೊಟ್ರೆ ಏನು ಮಾಡ್ತೀರಿ? ನಯನಾ, ಬೇಗ ಒಂದು ಕಪ್ ಚಾ ಕೊಡು.”

ನಿಂತೇ ಚಹಾ ಕುಡಿದದ್ದಾಯಿತು. ಲೋಟ ತೆಗೆದುಕೊಳ್ಳಲು ಬಂದ ನಯನಾ ಕಾರಿನ ಸೀಟಿನ ಮೇಲಿದ್ದ ಸುತ್ತಿಗೆಯನ್ನೂ ಮೊಳೆಯ ಪೊಟ್ಟಣವನ್ನೂ ನೋಡಿದಳು. ಅಪ್ಪನ ಪಂಚೆಯ ಮಂಡಿಗೆ ಹತ್ತಿದ ಮಣ್ಣನ್ನೂ ನೋಡಿದಳು.

“ಸುಮ್ನೆ ಬಂದಿದ್ರೂ ಆಗ್ತಿತ್ತಲ್ಲ ಅಪ್ಪಾಜಿ,” ಎಂದಳು ಮೆಲ್ಲಗೆ.

“ಸುಮ್ನೆ ಬಂದ್ರೆ ಜನ ಏನಂತಾರವ್ವ?”

“ಯಾವ ಜನ?”

ವಾಮದೇವಪ್ಪನವರಿಗೆ ತಕ್ಷಣಕ್ಕೆ ಒಬ್ಬರ ಹೆಸರೂ ಹೊಳೆಯಲಿಲ್ಲ. ಒಬ್ಬನಿಗೇ ಮನೆಯಲ್ಲಿ ಬಹಳ ಬೇಸರವವ್ವ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಬೀಗಿತಿ ಅಲ್ಲೇ ನಿಂತಿದ್ದರು, ಪಕ್ಕದ ಮನೆಯವರೂ ನಿಂತಿದ್ದರು. “ಭಟ್ಟಿ ಹತ್ರ ಕೆಲಸ ಐತೆ, ಬರ್ತೀನಿ,” ಎಂದು ಕಾರು ಹತ್ತಿದರು. ಹಾದಿಯುದ್ದಕ್ಕೂ, ಈಗಲಾದರೂ ಠುಸ್ಸೆನ್ನು ಮಾರಾಯಾ, ತಿರುಗಿ ಹೋಗುತ್ತೇನೆ ಎಂದು ಟೈರಿಗೆ ಹರಕೆ ಹೊತ್ತರು. ಅದು ನಿಷ್ಠೆಯಿಂದ ಅವರನ್ನು ಕೆ.ಬಿ. ಬಡಾವಣೆಗೆ ತಂದು ಮುಟ್ಟಿಸಿತು.

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದು ನೋಡುತ್ತಾರೆ, ಕಾರು ಒಂದು ಕಡೆ ವಾಲಿಕೊಂಡು ನಿಂತಿದೆ. ಟೈರಿನಲ್ಲಿ ಹೆಸರಿಗೂ ಗಾಳಿಯಿಲ್ಲ. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ, “ಬಿಸಿಲಾಗ ಯಾಕ ನಿಂತೀರಿ, ಒಳಗ ಬರ್ರಿ” ಎನ್ನಲು. ವಾಮದೇವಪ್ಪನವರು ಒಳಗೆ ಹೋಗಿ ಷೋರೂಮಿಗೆ ಫೋನು ತಿರುಗಿಸಿದರು.

“ಪಂಕ್ಚರ್ ಆಗೈತೆ ತಮ್ಮಾ.”

“ಎಲ್ಲಿ ಆಗೈತ್ರಿ ಸರ್?” ವಿಜಯಕುಮಾರ್ ಗಾಬರಿಯಾದ.

“ನಮ್ಮ ಮನೀ ಮುಂದ.”

“ಅಬ್ಬಾ, ಬಚಾವಾದ್ರಿ ಬಿಡ್ರಿ ಸರ್,” ಎಂದು ಅವನು ನಿರಾಳವಾಗಿ ಉಸಿರುಬಿಟ್ಟ. “ಹಾದ್ಯಾಗ ಎಲ್ಲಾದ್ರೂ ಆಗಿದ್ರೆ, ಮೆಕ್ಯಾನಿಕ್ ಬರೋಮಟ ಯಾರದಾರ ಮನ್ಯಾಗ ಹೋಗಿ ಕೂಡಬೇಕಾಗ್ತಿತ್ತು.”